ಹೊಸ ರಾಗಿ ಬಾಯಿಗೆ ಬೀಳುವ ತನಕ

ಕಾಮಾಕ್ಷಿಪಾಳ್ಯ
3 ಜನವರಿ 2025

ಅಕ್ಕ,

ಕಾಗದ ಕಂಡ ಕೂಡಲೇ ಗಾಬರಿ ಬೀಳಬೇಡ. ನಾನು ಚೆನ್ನಾಗಿಯೇ ಇದ್ದೇನೆ. ಚೆನ್ನಾಗಿಲ್ಲದವನು ಹಿಟ್ಟಿನ ಮಿಲ್ಲಿನ ಮುಂದೆ ಕುರ್ಚಿ ಹಾಕಿಕೊಂಡು ಕಾಗದ ಬರೆಯುತ್ತಾನಾ? ಗಿರಿರಾಜನಿಗೆ ಫೋನ್ ಮಾಡಬಹುದಿತ್ತು. ಆದರೆ ನಿನ್ನ ಮಗ ನಿನ್ನ ಕಿವಿಯ ಹತ್ತಿರ ಕೂಗಿ ಕೂಗಿ ಹೇಳುವ ಹೊತ್ತಿಗೆ ನಿಮ್ಮ ಬೀದಿಗೆಲ್ಲ ಗೊತ್ತಾಗಿರುತ್ತದೆ. ಅದಕ್ಕೆ ಕಾಗದವೇ ವಾಸಿ.

ಹೋದ ತಿಂಗಳಿಡೀ ಹೊಟ್ಟೆ ಉಬ್ಬರ. ಗ್ಯಾಸು ಅಂದುಕೊಂಡೆ. ಜೀರಿಗೆ ಕಷಾಯ ಆಯಿತು, ಓಮದ ನೀರು ಆಯಿತು, ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆಯೂ ಆಯಿತು. ಕ್ರಿಸ್‌ಮಸ್ ಹೊತ್ತಿಗೆ ಹೊಟ್ಟೆ ತಮಟೆಯ ಹಾಗೆ ಬಿಗಿಯಿತು. ಗಾಳಿಯೂ ಹೋಗಲಿಲ್ಲ. ತಿಂದದ್ದೆಲ್ಲ ಮೇಲಕ್ಕೇ ಬಂತು. ಕೀರ್ತನಾ ‘ಅಪ್ಪಾ, ಇನ್ನು ನಿಮ್ಮ ಕಷಾಯ ಸಾಕು’ ಅಂತ ರೇಗಿ, ಆಟೋ ತರಿಸಿ, ರಾಜಾಜಿನಗರದ ಒಂದು ಆಸ್ಪತ್ರೆಗೆ ಹಾಕಿಕೊಂಡು ಹೋದಳು. ಮಗಳಿಗೆ ನಿನ್ನದೇ ಗಂಟಲು ಬಂದಿದೆ.

ಅಲ್ಲಿ ಮಧುಕುಮಾರ್ ಅಂತ ಡಾಕ್ಟರು. ಕರುಳಿನ ದಾರಿ ಎಡಗಡೆ ಒಂದು ಕಡೆ ಕಟ್ಟಿಕೊಂಡಿದೆ ಎಂದರು. ಹಿಂದಿನಿಂದ ಟ್ಯೂಬು ಬಿಟ್ಟು ಒಂದು ಸ್ಟೆಂಟು ಹಾಕಿದರು. ತಂತಿಯ ಜಾಲರಿಯ ಕೊಳವೆ ಅದು. ಮುದುಡಿಕೊಂಡು ಒಳಗೆ ಹೋಗಿ ಆಮೇಲೆ ಸ್ಪ್ರಿಂಗಿನ ಹಾಗೆ ತಾನೇ ಅರಳಿಕೊಂಡು ದಾರಿ ಬಿಡಿಸುತ್ತದಂತೆ. ಎಲ್ಲೂ ಕುಯ್ಯಲಿಲ್ಲ, ಒಂದು ಹೊಲಿಗೆ ಇಲ್ಲ. ಅಪ್ಪಯ್ಯನಿಗೆ ಮಾಡಿದ ಹಾಗೆ ಏನೂ ಮಾಡಲಿಲ್ಲ. ಹೊಟ್ಟೆ ಇಳಿಯಿತು, ಮನೆಗೆ ಬಂದೆ.

ಊಟ ಮಾತ್ರ ಸಪ್ಪೆ. ಮೆತ್ತಗಿನ ಅನ್ನ, ಮೊಸರು, ತಿಳಿ ಸಾರು. ಸೊಪ್ಪು, ಕಾಳು, ಸಿಪ್ಪೆ, ನಾರು ಇರುವುದು ಏನೂ ಬೇಡ, ಸ್ಪ್ರಿಂಗಿನಲ್ಲಿ ಸಿಕ್ಕಿಕೊಂಡರೆ ಕಷ್ಟ ಎಂದಿದ್ದಾರೆ. ಏನೇ ತಿಂದರೂ ನುಣ್ಣಗೆ ಅಗಿದೇ ನುಂಗಬೇಕಂತೆ. ಅದಕ್ಕೆ ಈ ಸಲ ಹೊಸ ರಾಗಿ ಕಳಿಸಲು ಅವಸರ ಮಾಡಬೇಡ. ನಿಧಾನವಾಗಿ ನೋಡೋಣ.

ಲಿಂಗು ನಿನ್ನನ್ನು ಕೇಳಿದಳು. ನಿನ್ನ ಸಕ್ಕರೆ ಕಾಯಿಲೆ ಹೇಗಿದೆ, ಬರಿ.

ನಿನ್ನ ತಮ್ಮ
ದೊಡ್ಡಣ್ಣ


ಅರಕಲಗೂಡು
8 ಜನವರಿ 2025

ಲೋ ದೊಡ್ಡ,

ದೊಡ್ಡಣ್ಣ ಅಂತ ಹೆಸರಿಟ್ಟ ಮಾತ್ರಕ್ಕೆ ನೀನು ನನಗೆ ಅಣ್ಣ ಆಗಿಬಿಟ್ಟೆಯಾ? ನನಗೇ ಕಥೆ ಕಟ್ಟುತ್ತೀಯಾ? ಕರುಳಿಗೆ ಯಾರಾದರೂ ಸ್ಟೆಂಟು ಹಾಕುತ್ತಾರೇನೋ! ನನಗೆ ಕಿವಿ ಕೇಳುವುದಿಲ್ಲ ನಿಜ, ತಲೆ ಕೆಟ್ಟಿಲ್ಲ.

ನಮ್ಮ ಪಕ್ಕದ ಮನೆ ರಾಮಯ್ಯನೂ ಹೀಗೇ ಗ್ಯಾಸು ಗ್ಯಾಸು ಅಂತ ಎದೆ ಉಜ್ಜಿಕೊಂಡು ಜಗುಲಿಯ ಮೇಲೆ ಕೂತಿದ್ದ. ಮೈಸೂರಿಗೆ ಕರೆದುಕೊಂಡು ಹೋದರೆ ಹಾರ್ಟು. ಅವನಿಗೂ ಸ್ಟೆಂಟೇ ಹಾಕಿದ್ದು. ಅವನಿಗೂ ಎಲ್ಲೂ ಕುಯ್ಯಲಿಲ್ಲ, ಟ್ಯೂಬು ಬಿಟ್ಟೇ ಹಾಕಿದ್ದು. ನಿನಗೂ ಹಾರ್ಟ್ ಅಟ್ಯಾಕ್ ಆಗಿದೆ. ಅಕ್ಕ ಹೆದರಿಕೊಳ್ಳುತ್ತಾಳೆ ಅಂತ ಎದೆ ಬಿಟ್ಟು ಹೊಟ್ಟೆ ಅಂತ ಬರೆದಿದ್ದೀಯ. ನಾನೇನು ಹೆದರುವವಳಲ್ಲ. ಕಾಗದ ಓದಿದ ದಿನ ಕೈಯಲ್ಲಿದ್ದ ಹಾಲಿನ ಚೊಂಬು ಬಿತ್ತು, ಅದು ಬೇರೆ ವಿಷಯ.

ಇನ್ನು ಊಟದ ಮಾತು. ರಾಮಯ್ಯನ ಡಾಕ್ಟರು ಏನು ಹೇಳಿದ್ದಾರೆ ಗೊತ್ತಾ? ಅನ್ನ ಬಿಡಿ, ರಾಗಿ ತಿನ್ನಿ, ಸೊಪ್ಪು ಕಾಳು ಚೆನ್ನಾಗಿ ತಿನ್ನಿ ಅಂತ. ನಿನಗೆ ಮಾತ್ರ ಅನ್ನ, ಮೊಸರು! ಇದು ಡಾಕ್ಟರ ಮಾತಲ್ಲ. ನಿನ್ನ ಹೆಂಡತಿ ಲಿಂಗಮ್ಮನಿಗೆ ಮುದ್ದೆ ತೊಳಸಲು ರಟ್ಟೆ ನೋಯುತ್ತದೆ ಅಂತ ನೇರವಾಗಿ ಬರಿ, ಬೇಜಾರಿಲ್ಲ.

ರಾಗಿಗೆ ಅವಸರ ಬೇಡ ಅಂತೀಯಲ್ಲ, ನಾಲಿಗೆ ಹೇಗೆ ಹೊರಳಿತೋ? ಅಪ್ಪಯ್ಯನ ಹೊಲ ನನಗೆ ಬಂದ ಮೇಲೆ, ನೀನು ಅಲ್ಲಿ ಮಿಲ್ಲು ಹಾಕಿದ ಮೇಲೆ ನಡೆದುಕೊಂಡು ಬಂದದ್ದು ಇದು. ನನ್ನ ಹೊಲದ ಹೊಸ ರಾಗಿ ನಿನ್ನ ಮಿಲ್ಲಿನ ಕಲ್ಲಿಗೆ ಬಿದ್ದು, ನೀನು ಮೊದಲ ಮುದ್ದೆ ಉಂಡು, ‘ಹೊಸ ರಾಗಿ ಬಾಯಿಗೆ ಬಿತ್ತು’ ಅಂತ ನಿನ್ನ ಕಾಗದ ಬರುವ ತನಕ ನಾನು ಹೊಸ ರಾಗಿ ಮುಟ್ಟಿದ್ದುಂಟಾ? ಈ ವರ್ಷವೂ ಮುಟ್ಟುವುದಿಲ್ಲ. ಗಿರಿರಾಜನ ಗೂಡ್ಸ್ ಗಾಡಿ ಯಶವಂತಪುರಕ್ಕೆ ಬರುತ್ತಿದೆ. ಮೂಟೆ ಇಳಿಸಿ ಹೋಗುತ್ತಾನೆ. ಜೊತೆಗೆ ಅವರೆಕಾಯಿ ಇದೆ.

ನಾನೇ ಬರುತ್ತಿದ್ದೆ. ಒಕ್ಕಣೆ ಪೂರ್ತಿ ಮುಗಿದಿಲ್ಲ, ಮಂಡಿ ಬೇರೆ. ಆಮೇಲೆ ನೋಡೋಣ.

ಬೋರಮ್ಮ


ಕಾಮಾಕ್ಷಿಪಾಳ್ಯ
13 ಜನವರಿ 2025

ಅಕ್ಕ,

ಮೂಟೆ ಬಂತು. ಹಾರ್ಟು ಅಲ್ಲ ಕಣಕ್ಕ. ಆದರೆ ಹಾರ್ಟು ಅಂದುಕೊಂಡರೆ ನಿನಗೆ ಸಮಾಧಾನ ಅನ್ನುವುದಾದರೆ ಹಾಗೇ ಅಂದುಕೋ. ರಾಮಯ್ಯ ಎದ್ದು ಓಡಾಡುತ್ತಿದ್ದಾನಲ್ಲ, ಅಷ್ಟು ಸಾಕು.

ಗಿರಿರಾಜ ಬಂದಾಗ ನಾನು ಅಂಗಿಯ ಮೇಲೆ ಸ್ವೆಟರು, ಅದರ ಮೇಲೆ ಶಾಲು ಹೊದ್ದು ಕೂತಿದ್ದೆ. ಬೆಂಗಳೂರಿನಲ್ಲಿ ಇಷ್ಟು ಚಳಿಯಾ ಮಾವ ಅಂದ. ಹೂಂ ಅಂದೆ. ಆದರೆ ಜೋಳ ಬೀಸಿಸಲು ಬರುವ ಮುತ್ತವ್ವ ಇದ್ದಾಳಲ್ಲ, ಗಾರ್ಮೆಂಟ್ಸಿನವಳು, ಗದಗಿನ ಕಡೆಯವಳು, ಅವಳ ಕಣ್ಣಿಗೆ ಮಣ್ಣೆರಚಲು ಆಗಲಿಲ್ಲ. ‘ಯಾಕ್ರೀ ಕಾಕಾ, ಇಷ್ಟ್ಯಾಕ ಸೊರಗೀರಿ?’ ಅಂತ ಎಲ್ಲರ ಮುಂದೆ ಕೇಳಿಯೇಬಿಟ್ಟಳು. ನಕ್ಕು, ಅವಳ ಜೋಳದ ಡಬ್ಬ ತೂಕಕ್ಕಿಟ್ಟೆ.

ಒಳಗೆ ಸ್ಟೆಂಟು ಇರುವುದೇ ಗೊತ್ತಾಗುವುದಿಲ್ಲ ಎಂದಿದ್ದರು ಡಾಕ್ಟರು. ನನಗೆ ಗೊತ್ತಾಗುತ್ತದೆ ಅಕ್ಕ. ಸೀನು ಬಂದರೆ ಭಯ. ಜಾರಿಬಿಟ್ಟರೆ? ತಂತಿ ಚುಚ್ಚಿಬಿಟ್ಟರೆ? ಮಾಗಡಿ ರೋಡಿನ ಗುಂಡಿಗಳಿಗೆ ಹೆದರಿ ಆಟೋ ಹತ್ತುವುದನ್ನೇ ಬಿಟ್ಟಿದ್ದೇನೆ. ಊಟಕ್ಕೆ ಕೂತರೆ ಲಿಂಗು ಎದುರಿಗೆ ಕೂತು ನನ್ನ ದವಡೆಯನ್ನೇ ನೋಡುತ್ತಾಳೆ. ‘ಇನ್ನೊಂಚೂರು ಅಗೀರಿ, ಇನ್ನೊಂಚೂರು ಅಗೀರಿ.’ ಅಗಿದು ಅಗಿದು ಅನ್ನ ನೀರಾದ ಮೇಲೂ ನುಂಗಲು ಧೈರ್ಯ ಬರುವುದಿಲ್ಲ. ಒದ್ದೆ ಕಾಳು ಹಾಕಿದರೆ ಮಿಲ್ಲಿನ ಬಾಯಿ ಕಟ್ಟುತ್ತದಲ್ಲ, ಆಗ ನಮ್ಮ ಮಹದೇವ ಬೆಲ್ಟು ನಿಲ್ಲಿಸಿ ಕೋಲು ಹಾಕಿ ಬಿಡಿಸುತ್ತಾನೆ. ನನ್ನನ್ನು ಹಾಗೆ ನಿಲ್ಲಿಸಿ ಬಿಡಿಸುವುದಕ್ಕೆ ಆಗುವುದಿಲ್ಲವಲ್ಲ.

ಇನ್ನೊಂದು ಮಾತು. ಸ್ಟೆಂಟೇ ಪೂರ್ತಿ ಔಷಧಿ ಅಲ್ಲವಂತೆ. ಕಟ್ಟಿದ್ದು ಬಿಟ್ಟು, ಮೈಗೆ ಸ್ವಲ್ಪ ತ್ರಾಣ ಬರಲಿ ಅಂತ ಹಾಕಿದ್ದಂತೆ. ಆಮೇಲೆ ಒಂದು ಆಪರೇಷನ್ ಆಗಲೇಬೇಕು ಅನ್ನುತ್ತಾರೆ. ಯಾಕೆಂದರೆ ಅಲ್ಲಿ... ಇರಲಿ, ಅದೆಲ್ಲ ಡಾಕ್ಟರುಗಳ ಮಾತು. ಈಗ ಆರಾಮಾಗಿದ್ದೇನಲ್ಲ, ಬೇಡ ಅಂದುಬಿಡಲಾ? ಅಪ್ಪಯ್ಯ ಆಪರೇಷನ್ನಿಗೆ ನಡೆದುಕೊಂಡು ಹೋಗಿ ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಏನು ಹೇಳುತ್ತೀಯೋ ಹಾಗೆ.

ರಾಗಿಯನ್ನು ಪದ್ಧತಿಯಂತೆ ಬೆಳಗಿನ ಮೊದಲ ಸರದಿಯಲ್ಲಿ ಬೀಸಿದೆವು. ಹಿಟ್ಟು ಬೆಚ್ಚಗೆ ಕೈಗೆ ಬಿತ್ತು. ಆ ವಾಸನೆಗೆ ಬಾಯಲ್ಲಿ ನೀರು ಬಂತು, ಕಣ್ಣಲ್ಲೂ ಬಂತು. ಇನ್ನೂ ಉಂಡಿಲ್ಲ. ಹಲ್ಲು ನೋವು, ಅದಕ್ಕೆ. ಹಲ್ಲು ಸರಿಹೋದ ಕೂಡಲೇ ಬರೆಯುತ್ತೇನೆ.

ದೊಡ್ಡಣ್ಣ


ಅರಕಲಗೂಡು
18 ಜನವರಿ 2025

ದೊಡ್ಡ,

ಹಲ್ಲು ನೋವಂತೆ ಹಲ್ಲು ನೋವು! ಮುದ್ದೆಗೂ ಹಲ್ಲಿಗೂ ಏನೋ ಸಂಬಂಧ? ಮುದ್ದೆಯನ್ನು ಯಾವ ಕಾಲದಲ್ಲಿ ಯಾರು ಅಗಿದಿದ್ದಾರೆ? ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಚಿಕ್ಕಂದಿನಲ್ಲಿ ನೀನು ಅಗಿಯಲು ಹೋಗಿ ಅವ್ವನ ಕೈಯಲ್ಲಿ ತಲೆಗೆ ಮೊಟಕಿಸಿಕೊಂಡದ್ದು ಮರೆತೆಯಾ? ಸುಳ್ಳು ಹೇಳುವುದಾದರೆ ಸರಿಯಾಗಿ ಹೇಳುವುದನ್ನಾದರೂ ಕಲಿ.

ಆಪರೇಷನ್ ಅಂದೆಯಲ್ಲ, ಅದು ಬೈಪಾಸು. ರಾಮಯ್ಯನಿಗೂ ಹೀಗೇ ಹೇಳಿದ್ದರು. ಎದೆ ಸೀಳಿ, ಕಾಲಿನ ನರ ತೆಗೆದು ಅಲ್ಲಿಗೆ ಹಾಕುತ್ತಾರಂತೆ. ಅವನು ಬೇಡ ಅಂದ. ಈಗ ಬೆಳಿಗ್ಗೆ ಎದ್ದು ಕೆರೆ ಏರಿ ಸುತ್ತಿ ಬರುತ್ತಾನೆ. ನೀನೂ ಬೇಡ ಅನ್ನು. ಬೇಡ ಕಣೋ, ಖಂಡಿತ ಬೇಡ. ನಮ್ಮ ಮನೆಯವರ ಮೈಗೆ ಕತ್ತಿ ಆಗಿಬರುವುದಿಲ್ಲ. ಅಕ್ಕ ಬೇಡ ಅಂದಳು ಅಂತಲೇ ಹೇಳು, ನನ್ನ ತಲೆಯ ಮೇಲೆ ಹಾಕು.

ಇಲ್ಲಿ ಎಲ್ಲ ಸರಿಯಾಗಿದೆ. ಹಳೆ ರಾಗಿ ಮುಗಿಯಿತು, ಎರಡು ಹೊತ್ತೂ ಅನ್ನವೇ. ಸಕ್ಕರೆ ಕಾಯಿಲೆಯವಳಿಗೆ ಅನ್ನ ಬಡಿಸುತ್ತೀಯಾ ಅಂತ ಗಿರಿರಾಜ ಹೆಂಡತಿಯ ಮೇಲೆ ಕೂಗಾಡುತ್ತಾನೆ. ಅವಳದೇನು ತಪ್ಪು? ಹೊಸ ರಾಗಿ ನಾನು ಮುಟ್ಟುವುದಿಲ್ಲ, ಅಂಗಡಿ ರಾಗಿ ನನಗೆ ಸೇರುವುದಿಲ್ಲ. ಪಾದ ಸ್ವಲ್ಪ ಜೋಮು ಹಿಡಿಯುತ್ತದೆ, ಅದು ಬಿಡು. ಸಂಕ್ರಾಂತಿಯೂ ಆಯಿತು. ನಿನ್ನ ಕಾಗದಕ್ಕೆ ಕಾಯುತ್ತಿದ್ದೇನೆ. ಎಷ್ಟು ದಿನ ಕಾಯಿಸುತ್ತೀಯೋ ಕಾಯಿಸು.

ಬೋರಮ್ಮ


ಕಾಮಾಕ್ಷಿಪಾಳ್ಯ
23 ಜನವರಿ 2025

ಅಕ್ಕ,

ಹೊಸ ರಾಗಿ ಬಾಯಿಗೆ ಬಿತ್ತು.

ಇನ್ನು ನೀನು ಉಣ್ಣು. ಇವತ್ತೇ ಉಣ್ಣು. ಜೋಮು ಅಂತ ಬರೆದು ಅದು ಬಿಡು ಅಂತೀಯಲ್ಲ, ಹೇಗೆ ಬಿಡಲಿ? ಉಣ್ಣದೆಯೇ ಉಂಡೆ ಅಂತ ಬರೆದುಬಿಡೋಣ ಅಂತ ಎರಡು ಸಲ ಪೆನ್ನು ತೆಗೆದೆ. ಬೇರೆ ಯಾವುದಕ್ಕಾದರೂ ಸುಳ್ಳು ಬರೆದೇನು, ಈ ಒಂದು ಮಾತಿಗೆ ಕೈ ಓಡಲಿಲ್ಲ. ಅದಕ್ಕೆ ಉಂಡೇಬಿಟ್ಟೆ.

ನಿನ್ನೆ ಲಿಂಗು ಅನ್ನಪೂರ್ಣೇಶ್ವರಿ ನಗರಕ್ಕೆ ತಂಗಿ ಮಗಳ ಸೀಮಂತಕ್ಕೆ ಹೋಗಿದ್ದಳು. ಕೀರ್ತನಾ ಆಫೀಸಿಗೆ ಹೋಗಿದ್ದಳು. ನಾನೇ ಒಲೆ ಹಚ್ಚಿ ಎಸರಿಟ್ಟೆ. ನೀನು ಕಳಿಸಿದ ಅವರೆಕಾಯಿ ಸುಲಿದು, ಒಂದು ಹಿಡಿ ಸೊಪ್ಪು ಹಾಕಿ ಸಾರು ಮಾಡಿದೆ. ಡಾಕ್ಟರ ಮಾತು ನೆನಪು ಮಾಡಿಕೊಂಡು ಮೊದಲ ತುತ್ತು ಅಗಿಯಲು ನೋಡಿದೆ. ಹಲ್ಲಿಗೆಲ್ಲ ಮೆತ್ತಿಕೊಂಡು ಥೂ ಅನ್ನಿಸಿತು. ಅವ್ವ ಹಿಂದಿನಿಂದ ಮೊಟಕಿದ ಹಾಗಾಯಿತು. ಎರಡನೆಯ ತುತ್ತು ತಾನೇ ಜಾರಿತು. ಒಂದು ಮುದ್ದೆ ಸಾಕು ಅಂದುಕೊಂಡವನು ಎರಡು ಹೊಡೆದೆ. ಎಷ್ಟು ದಿನದ ಮೇಲೆ ಮನುಷ್ಯನ ಹಾಗೆ ಉಂಡೆನಕ್ಕ! ಪಾತ್ರೆ ತೊಳೆದಿಟ್ಟು, ಕಿಟಕಿ ತೆಗೆದು ವಾಸನೆ ಹೊರಗೆ ಬಿಟ್ಟೆ.

ಡಾಕ್ಟರ ಹತ್ತಿರವೂ ಹೋಗಿಬಂದೆ. ಆಪರೇಷನ್ ಬೇಡ, ನಮ್ಮಕ್ಕ ಬೇಡ ಅಂದಳು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಸಾರ್, ನಿಮ್ಮಕ್ಕಂಗೆ ಎಲ್ಲಾ ಹೇಳಿದೀರಾ?’ ಅಂತ ಕೇಳಿದರು. ಎಲ್ಲಾ ಹೇಳಿದೀನಿ ಸಾರ್ ಅಂದೆ. ಅವರು ಇನ್ನೇನೋ ಹೇಳುತ್ತಿದ್ದರು. ನಾನು ಎದ್ದು ಬಂದೆ.

ಬೆಳಿಗ್ಗೆಯಿಂದ ಹೊಟ್ಟೆ ಸ್ವಲ್ಪ ಬಿಗಿ ಇದೆ. ಹೊರಕಡೆಗೆ ಹೋಗಿಲ್ಲ. ಸಾಯಂಕಾಲದ ಹೊತ್ತಿಗೆ ಸರಿಹೋಗುತ್ತದೆ ಅನ್ನಿಸುತ್ತದೆ. ಈ ಕಾಗದ ಡಬ್ಬಕ್ಕೆ ಹಾಕಿ ಸ್ವಲ್ಪ ಮಲಗುತ್ತೇನೆ.

ದೊಡ್ಡಣ್ಣ


ಅರಕಲಗೂಡು
27 ಜನವರಿ 2025

ನನ್ನ ರಾಜ,

ಕಾಗದ ಬಂತು! ಪೋಸ್ಟಿನವನು ಅಂಗಳದಲ್ಲಿ ಇರುವಾಗಲೇ ಒಡೆದು ಓದಿ ಸೊಸೆಗೆ ಒಲೆ ಹಚ್ಚು ಅಂದೆ. ಈ ವರ್ಷ ರಾಗಿಗೆ ಒಂದು ಥರ ಸಿಹಿ ಇದೆ, ನಿನಗೂ ಗೊತ್ತಾಗಿರಬೇಕು. ಕೊನೆಯ ಮಳೆ ಹದವಾಗಿ ಆಯಿತಲ್ಲ, ಅದಕ್ಕೆ. ನಾನೂ ಎರಡು ಮುದ್ದೆ ಉಂಡೆ. ರಾಮಯ್ಯನಿಗೂ ಒಂದು ಕಳಿಸಿದೆ.

ಡಾಕ್ಟರಿಗೆ ಬೇಡ ಅಂದದ್ದು ಒಳ್ಳೆಯದೇ ಆಯಿತು. ಹೊಟ್ಟೆ ಬಿಗಿ ಅಂದೆಯಲ್ಲ, ಆಸೆಗೆ ಬಿದ್ದು ಜಾಸ್ತಿ ಎಳೆದಿದ್ದೀಯ, ಇನ್ನೇನಿಲ್ಲ. ಬಿಸಿನೀರು ಕುಡಿ, ನಾಲ್ಕು ಹೆಜ್ಜೆ ಓಡಾಡು.

ನಿನ್ನೆ ಗಿರಿರಾಜನ ಕೈಯಲ್ಲಿ ನಿಮ್ಮ ಮನೆಗೆ ಫೋನ್ ಮಾಡಿಸಿದೆ. ಕೀರ್ತನಾ ‘ಅಪ್ಪ ಮಲಗಿದಾರೆ’ ಅಂದು ಇಟ್ಟುಬಿಟ್ಟಳಂತೆ. ಮಟಮಟ ಮಧ್ಯಾಹ್ನ ಎಂಥ ನಿದ್ದೆಯೋ? ಒಂದು ಸಾಲು ಬರಿ.

ನಿನ್ನ ಅಕ್ಕ


ರಾಜಾಜಿನಗರ, ಆಸ್ಪತ್ರೆಯಿಂದ
1 ಫೆಬ್ರವರಿ 2025

ಅಕ್ಕ,

ಇದನ್ನು ಕೂತು ಓದು. ಗಿರಿರಾಜ ಪಕ್ಕದಲ್ಲಿ ಇರಲಿ.

ಆ ಕಾಗದ ಡಬ್ಬಕ್ಕೆ ಹಾಕಿ ಮಲಗಿದವನು ಹಿಂಡುವ ನೋವಿಗೆ ಎದ್ದೆ. ಹೊಟ್ಟೆ ಮತ್ತೆ ತಮಟೆ. ಬಾಯಿಗೆ ಅದೇ ಹಳೆಯ ವಾಸನೆಯ ವಾಂತಿ. ಲಿಂಗು ಏನು ತಿಂದಿರಿ, ಏನು ತಿಂದಿರಿ ಅಂತ ಭುಜ ಹಿಡಿದು ಅಲ್ಲಾಡಿಸಿದಳು. ಹೇಳಲಿಲ್ಲ. ಆಸ್ಪತ್ರೆಯಲ್ಲಿ ಟ್ಯೂಬು ಬಿಟ್ಟು ನೋಡಿದರೆ ಸ್ಪ್ರಿಂಗಿನ ಬಾಯಿಗೆ ಅವರೆ ಸಿಪ್ಪೆ, ಸೊಪ್ಪಿನ ನಾರು, ರಾಗಿಯ ಗಟ್ಟಿ ಅಡ್ಡ ಕೂತಿದ್ದವಂತೆ. ನೀರು ಹಾಯಿಸಿ ಬಿಡಿಸಿದರು. ‘ಅದೃಷ್ಟ ಸಾರ್ ನಿಮ್ದು. ಕರುಳು ತೂತಾಗಿದ್ರೆ ಇವತ್ತು ಹೀಗೆ ಮಾತಾಡ್ತಾ ಇರ್ತಿರ್ಲಿಲ್ಲ’ ಎಂದರು ಡಾಕ್ಟರು.

ಹಾರ್ಟು ಅಲ್ಲ ಅಕ್ಕ. ಕರುಳೇ. ಅದು ಯಾಕೆ ಕಟ್ಟಿತು ಅನ್ನುವುದನ್ನು ನಾನು ಬರೆಯಲಿಲ್ಲ. ಅಲ್ಲಿ ಗಂಟಿದೆ. ಕ್ಯಾನ್ಸರ್. ಬರೆದೆ ನೋಡು. ಈ ಒಂದು ಪದ ಬರೆಯಲಾರದೆ ಇಷ್ಟು ದಿನ ಸ್ವೆಟರು, ಹಲ್ಲು ನೋವು ಎಲ್ಲ ಬರೆದೆ. ಡಿಸೆಂಬರಿನಲ್ಲೇ ಗೊತ್ತಾಗಿತ್ತು.

ಲಿವರಿಗೆ ಹೋಗಿಲ್ಲ, ಒಂದೇ ಕಡೆ ಇದೆ ಅನ್ನುತ್ತದೆ ಸ್ಕ್ಯಾನು. ಸ್ಪ್ರಿಂಗು ದಾರಿ ಬಿಡಿಸಿದೆಯೇ ಹೊರತು ಗಂಟನ್ನು ಏನೂ ಮಾಡಿಲ್ಲ. ಬಿಟ್ಟರೆ ಜಾಲರಿಯ ಕಣ್ಣುಗಳೊಳಗಿಂದಲೇ ಬೆಳೆದು ಬರುತ್ತದಂತೆ. ಮೊದಲೇ, ಹೊಟ್ಟೆ ಉಬ್ಬಿದ್ದಾಗಲೇ ಕುಯ್ದಿದ್ದರೆ ಅಪಾಯ ಹೆಚ್ಚು, ಹೊಟ್ಟೆಯ ಮೇಲೆ ಚೀಲ ಕಟ್ಟಬೇಕಾಗುತ್ತಿತ್ತು. ಈಗ ಕರುಳು ಖಾಲಿಯಾಗಿದೆ, ಗಂಟಿರುವ ಕಡೆ ಕತ್ತರಿಸಿ, ಅಲ್ಲೇ ಸೇರಿಸಿ ಹೊಲಿಯಬಹುದು ಎನ್ನುತ್ತಾರೆ. ಬಹುದು ಅಷ್ಟೇ, ಖಂಡಿತ ಅನ್ನುವುದಿಲ್ಲ.

ನೀನು ಬೇಡ ಅಂದದ್ದು ಬೈಪಾಸಿಗೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಹಿಡಿದುಕೊಂಡು ಡಾಕ್ಟರ ಮುಂದೆ ಹೋಗಿ ನಿಂತೆ. ಭಯ ಅಕ್ಕ. ಪಕ್ಕದ ಮಂಚದವನನ್ನು ತಳ್ಳಿಕೊಂಡು ಹೋದರೆ ನಾನು ಗೋಡೆ ಕಡೆ ತಿರುಗಿ ಮಲಗುತ್ತೇನೆ. ಅಪ್ಪಯ್ಯನ ಮುಖ ಬರುತ್ತದೆ. ಈಗ ಎಲ್ಲ ತಿಳಿದುಕೊಂಡು ಹೇಳು. ಕುಯ್ಯಿಸಿಕೊಳ್ಳಲಾ?

ದೊಡ್ಡ


ಅರಕಲಗೂಡು
5 ಫೆಬ್ರವರಿ 2025

ದೊಡ್ಡ,

ಕುಯ್ಯಿಸಿಕೋ. ಮೊದಲು ಇದನ್ನು ಬರೆದುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಡಾಕ್ಟರು ಯಾವ ದಿನ ಅನ್ನುತ್ತಾರೋ ಆ ದಿನವೇ ಹೋಗು.

ನೀನು ಅಲ್ಲಿ ಟ್ಯೂಬು ಹಾಕಿಸಿಕೊಂಡು ಒದ್ದಾಡುತ್ತಿದ್ದಾಗ ನಾನು ಇಲ್ಲಿ ರಾಗಿ ಸಿಹಿ ಇದೆ ಅಂತ ಎರಡು ಮುದ್ದೆ ಉಂಡು, ಬಿಸಿನೀರು ಕುಡಿ ಅಂತ ನಿನಗೇ ಬುದ್ಧಿ ಹೇಳಿ ಬರೆದಿದ್ದೇನೆ. ಆ ಕಾಗದ ನಿನ್ನ ಹತ್ತಿರ ಇದ್ದರೆ ಹರಿದು ಹಾಕು. ನೀನಾದರೂ ಎಂಥವನೋ! ಕರುಳು ಅಂತ ನಿಜ ಬರೆದೆ, ನಾನು ನಂಬಲಿಲ್ಲ. ನಂಬದವಳನ್ನು ಹಿಡಿದು ನಂಬಿಸಬಾರದಿತ್ತೇನೋ?

ಅಪ್ಪಯ್ಯನ ವಿಷಯ ಕೇಳು. ಅಪ್ಪಯ್ಯನಿಗೆ ಹೊಟ್ಟೆ ಉಬ್ಬಿದಾಗ ಹರಳೆಣ್ಣೆ ಕುಡಿಸಿದರು, ದೃಷ್ಟಿ ತೆಗೆದರು, ಯಾರೋ ಹೇಳಿದರು ಅಂತ ಬೇರು ಅರೆದು ಹಚ್ಚಿದರು. ಒಂದು ವಾರ ಮನೆಯಲ್ಲೇ ಇಟ್ಟುಕೊಂಡರು. ನಡೆದುಕೊಂಡು ಹೋಗಲಿಲ್ಲ ಕಣೋ, ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೋದದ್ದು. ಕರುಳು ಆಗಲೇ ಒಡೆದುಹೋಗಿತ್ತು. ನೀನು ಚಿಕ್ಕವನು, ಆಪರೇಷನ್ ಅನ್ನುವ ಒಂದು ಮಾತು ಮಾತ್ರ ನಿನ್ನ ಕಿವಿಯಲ್ಲಿ ಉಳಿದಿದೆ. ಆಗ ನಿನಗೆ ಹಾಕಿದಂಥ ಸ್ಪ್ರಿಂಗು ಇದ್ದಿದ್ದರೆ ಅಪ್ಪಯ್ಯನೂ ನಾಲ್ಕು ದಿನ ಸುಧಾರಿಸಿಕೊಂಡು ಆಪರೇಷನ್ನಿಗೆ ಹೋಗುತ್ತಿದ್ದರೇನೋ. ನಿನಗೆ ಆ ನಾಲ್ಕು ದಿನ ಸಿಕ್ಕಿದೆ. ಅರ್ಧ ನಾನು ಹಾಳು ಮಾಡಿದೆ, ಅರ್ಧ ನೀನು ಮಾಡಿದೆ. ಇನ್ನು ಸಾಕು.

ಈ ರಾಗಿಯ ಕಟ್ಟಳೆಯೂ ಇವತ್ತಿಗೆ ಸಾಕು. ಇನ್ನು ಮೇಲೆ ನಾನು ಕಾಯುವುದಿಲ್ಲ. ನೀನು ಉಂಡರೂ ಸರಿ, ಉಣ್ಣದಿದ್ದರೂ ಸರಿ, ನನ್ನ ಪಾಡಿಗೆ ನಾನು ಉಣ್ಣುತ್ತೇನೆ. ನಿನ್ನ ಕಾಗದಕ್ಕೂ ಕಾಯುವುದಿಲ್ಲ. ಮಂಡಿ ನೋವು ಜಾಸ್ತಿ, ಬರಲು ಆಗುವ ಹಾಗೆ ಕಾಣುವುದಿಲ್ಲ. ದೇವರಿದ್ದಾನೆ.

ಬೋರಮ್ಮ


ಕಾಮಾಕ್ಷಿಪಾಳ್ಯ
9 ಫೆಬ್ರವರಿ 2025

ಅಕ್ಕ,

ಸೈನ್ ಹಾಕಿದೆ. ಹದಿನಾಲ್ಕನೇ ತಾರೀಕು ಬೆಳಿಗ್ಗೆ. ಹಿಂದಿನ ದಿನವೇ ಹೋಗಿ ಸೇರಿಕೊಳ್ಳಬೇಕು. ಕುಯ್ಯಿಸಿಕೋ ಅಂತ ನೀನು ಬರೆದ ಒಂದು ಸಾಲು ಇಲ್ಲದಿದ್ದರೆ ಕೈ ಓಡುತ್ತಿರಲಿಲ್ಲ.

ಮಿಕ್ಕ ಸಾಲುಗಳನ್ನು ಓದಿದೆ. ತುಂಬ ಸಲ ಓದಿದೆ. ಇನ್ನು ಕಾಯುವುದಿಲ್ಲ ಅಂತ ಬರೆದಿದ್ದೀಯ. ಉಣ್ಣದಿದ್ದರೂ ಸರಿ ಅಂದಿದ್ದೀಯ. ಅದು ಸರಿಯೇ ಅಕ್ಕ. ಇಂಥ ಕಾಯಿಲೆಯವನಿಗೆ ಯಾರು ಎಷ್ಟು ವರ್ಷ ಕಾಯುತ್ತಾರೆ? ನಿನಗೂ ವಯಸ್ಸಾಯಿತು. ಒಳಗೊಳಗೇ ಲೆಕ್ಕ ಮುಗಿಸಿಕೊಂಡಿದ್ದೀಯ ಅನ್ನಿಸಿತು. ಲಿಂಗುಗೆ ಹೇಳಿದರೆ ‘ನಿಮ್ಮಕ್ಕ ಹಾಗೆಲ್ಲ ಅನ್ನೋರಲ್ಲ, ಸುಮ್ನಿರಿ’ ಅಂದಳು. ಅವಳೂ ಆಚೆ ತಿರುಗಿ ಕಣ್ಣು ಒರೆಸಿಕೊಂಡಳು.

ಮಿಲ್ಲನ್ನು ಮಹದೇವನಿಗೆ ಒಪ್ಪಿಸಿದ್ದೇನೆ. ಇಪ್ಪತ್ತು ವರ್ಷದಿಂದ ಜೊತೆಗಿದ್ದವನು, ಬೀಗದ ಕೈ ತೆಗೆದುಕೊಳ್ಳಲು ಒಪ್ಪಲಿಲ್ಲ. ‘ನೀವೇ ಬಂದು ತೆಗೀರಿ ಅಣ್ಣ’ ಅಂದ. ಕೊನೆಗೆ ಮೊಳೆಗೆ ತಗುಲಿಹಾಕಿ ಬಂದೆ. ಮುತ್ತವ್ವನಿಗೆ ಹೇಗೋ ಗೊತ್ತಾಗಿ ಜೋಳದ ಡಬ್ಬ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡು ನಿಂತಳು. ಮೂಟೆಯಲ್ಲಿ ಉಳಿದ ನಿನ್ನ ರಾಗಿಯನ್ನು ಅವಳಿಗೆ, ಮಹದೇವನಿಗೆ ಹಂಚು ಅಂತ ಲಿಂಗುಗೆ ಹೇಳಿದ್ದೇನೆ.

ಸ್ಟೆಂಟು ಹಾಕುವ ದಿನ ನೋಡಿದ್ದೇನೆ. ತಳ್ಳುಗಾಡಿ ಒಳಗೆ ಹೋದ ಮೇಲೆ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದು ಮುಚ್ಚಿಕೊಳ್ಳುವುದನ್ನು ನೆನೆಸಿಕೊಂಡರೇ ನನಗೆ ಬೆವರು ಬರುತ್ತದೆ, ಕತ್ತಿಗಿಂತ ಅದೇ ಭಯ. ಹೊರಗೆ ಒಂದು ಬೆಂಚು ಇದೆ. ಯಾರ ಯಾರದೋ ಮನೆಯವರು ಕೂತಿರುತ್ತಾರೆ. ಚಿಕ್ಕಂದಿನಲ್ಲಿ ಸ್ಕೂಲಿನಲ್ಲಿ ಸೂಜಿ ಹಾಕುವ ದಿನ ನೀನು ಕಿಟಕಿಯ ಆಚೆ ನಿಂತಿರುತ್ತಿದ್ದೆ. ಯಾಕೋ ಅದು ನೆನಪಾಯಿತು.

ಅಲ್ಲಿಂದಲೇ ಒಂದು ದೀಪ ಹಚ್ಚಿಡು.

ನಿನ್ನ ತಮ್ಮ
ದೊಡ್ಡಣ್ಣ


ಅರಕಲಗೂಡು
12 ಫೆಬ್ರವರಿ 2025

ಲೋ ಕತ್ತೆ,

ಇದನ್ನು ಅಂಚೆಗೆ ಹಾಕಿದರೆ ನೀನು ಒಳಗೆ ಹೋದ ಮೇಲೆ ತಲುಪುತ್ತದೆ. ಗಿರಿರಾಜ ಇದರ ಫೋಟೋ ತೆಗೆದು ಕೀರ್ತನಾ ಫೋನಿಗೆ ಕಳಿಸುತ್ತಾನೆ. ಅವನು ಓದಿದರೆ ಓದಲಿ, ಬೀದಿಗೆಲ್ಲ ಗೊತ್ತಾದರೆ ಆಗಲಿ. ನಮಗೇನು ಕಳ್ಳತನವಾ?

ಕಾಯುವುದಿಲ್ಲ ಅಂದದ್ದು ಉಣ್ಣುವುದಕ್ಕೆ ಕಣೋ. ನಾನು ಇಲ್ಲಿ ಉಣ್ಣದೆ ಕೂತೆ ಅಂತಲೇ ನೀನು ಕದ್ದು ಮುದ್ದೆ ನುಂಗಿ ಸಾಯುವ ಹಾಗಾದೆಯಲ್ಲ. ಆ ಭಾರ ನಿನ್ನ ತಲೆಯ ಮೇಲಿಂದ ಇಳಿಸೋಣ ಅಂತ ಹಾಗೆ ಬರೆದೆ. ಬರೆಯಲು ನನಗೆ ಬರುವುದಿಲ್ಲ, ಬೈಯಲು ಬರುತ್ತದೆ ಅಷ್ಟೇ. ನಿನಗೆ ಕಾಯುವುದಿಲ್ಲ ಅಂದೆನಾ? ನಿನಗಲ್ಲದೆ ಇನ್ಯಾರಿಗೆ ಕಾಯಲಿ ನಾನು?

ಮಂಡಿ ನೋವು ಸುಳ್ಳು. ಒಕ್ಕಣೆಯೂ ಸಂಕ್ರಾಂತಿಗೆ ಮೊದಲೇ ಮುಗಿದಿತ್ತು. ನಿನ್ನನ್ನು ಸೊರಗಿದವನಾಗಿ ಮಂಚದ ಮೇಲೆ ನೋಡಲು ಧೈರ್ಯ ಇರಲಿಲ್ಲ, ಅದಕ್ಕೆ ಬರಲಿಲ್ಲ. ಹೆದರುವವಳಲ್ಲ ಅಂತ ಬರೆದೆನಲ್ಲ, ಬಾಯಿ ಬಡಾಯಿ. ಹೆದರಿಕೆ ಈಗಲೂ ಹೋಗಿಲ್ಲ. ಇರಲಿ, ಅದನ್ನೂ ಕಟ್ಟಿಕೊಂಡೇ ಬರುತ್ತೇನೆ.

ನಾಳೆ ಬೆಳಗಿನ ಬಸ್ಸಿಗೆ ಗಿರಿರಾಜನ ಜೊತೆ ಹೊರಡುತ್ತಿದ್ದೇನೆ. ಸೆರಗಿನ ಗಂಟಿನಲ್ಲಿ ಹೊಸ ರಾಗಿ ಇದೆ. ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಒಣಗಿಸಿದ್ದು. ಕೂಸುಗಳಿಗೆ ಮಾಡುವ ರಾಗಿ ಸರಿ, ಒಂದು ನಾರು ಇಲ್ಲ. ಡಾಕ್ಟರು ಹೂಂ ಅಂದ ಮೇಲೆಯೇ ಕಾಯಿಸುವುದು, ಅದಕ್ಕೆ ಮೊದಲು ಗಂಟು ಬಿಚ್ಚುವುದಿಲ್ಲ. ಮೂಟೆಯ ರಾಗಿ ಹಂಚಬೇಡ ಅಂತ ಲಿಂಗಮ್ಮನಿಗೆ ಹೇಳು. ರಾಗಿಗೆ ಹುಳ ಬೀಳುವುದಿಲ್ಲ, ನೀನು ಉಣ್ಣುವ ತನಕ ಇರುತ್ತದೆ. ಅಲ್ಲಿಯವರೆಗೆ ನಾನು ಹೊಟ್ಟೆ ತುಂಬ ಉಣ್ಣುತ್ತಿರುತ್ತೇನೆ, ಚಿಂತೆ ಮಾಡಬೇಡ. ಮೊನ್ನೆ ಒಂದು ತುತ್ತು ಅಗಿದೂ ನೋಡಿದೆ, ನೀನು ಹೇಳಿದ್ದು ನಿಜ, ಥೂ ಅನ್ನಿಸುತ್ತದೆ. ಆದರೂ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಇಬ್ಬರೂ ಅಗಿಯೋಣ.

ಆ ಬಾಗಿಲಿನ ವಿಷಯ ಬರೆದಿದ್ದೀಯಲ್ಲ. ಮುಚ್ಚಿಕೊಳ್ಳಲಿ ಬಿಡು. ಆಚೆ ಕಡೆ ಬೆಂಚಿನ ಮೇಲೆ ನಾನು ಇರುತ್ತೇನೆ. ಲಿಂಗಮ್ಮ, ಕೀರ್ತನಾ ಕಾಫಿಗೆ ಅಂತ ಎದ್ದು ಹೋದರೂ ನಾನು ಏಳುವುದಿಲ್ಲ. ನರ್ಸಮ್ಮ ಹೊರಗೆ ಬಂದು ನಿನ್ನ ಹೆಸರು ಹಿಡಿದು ಕೂಗಿದರೆ ನನಗೆ ಕೇಳಿಸುವುದಿಲ್ಲ. ಅದಕ್ಕೆ ಬಾಗಿಲಿಗೆ ನೇರ ಎದುರಿಗೇ ಕೂರುತ್ತೇನೆ. ಅದು ತೆಗೆಯುವ ತನಕ ಆ ಕಡೆಯೇ ನೋಡುತ್ತಾ ಇರುತ್ತೇನೆ.

ನಿನ್ನ ಅಕ್ಕ
ಬೋರಮ್ಮ